ಮುಂದಾಳುವಿನ ಜೀವನಚರಿತ್ರೆಗೊಂದು ಪದಸೂಚಿ

ಪುಸ್ತಕದ ಕೊನೆಯ ಹಾಳೆಗಳನ್ನು ಯಾರೂ ಓದುವುದಿಲ್ಲ ಎಂದುಕೊಂಡವರಿಗೆ ದೂರದಿಂದಲೇ ಒಂದು ನಮಸ್ಕಾರ. ಇಪ್ಪತ್ತಾರು ವರ್ಷ ಆ ಹಾಳೆಗಳನ್ನೇ ಬರೆದು ಹೊಟ್ಟೆ ಹೊರೆದವಳು ನಾನು. ಸರ್ಕಾರಿ ಮುದ್ರಣಾಲಯದಲ್ಲಿ ನನ್ನ ಕೆಲಸ ಪದಸೂಚಿ ಮಾಡುವುದು. ಯಾವ ಮನುಷ್ಯ, ಯಾವ ಊರು, ಯಾವ ಜಗಳ ಎಷ್ಟನೆಯ ಪುಟದಲ್ಲಿದೆ ಎಂದು ಹುಡುಕಿ, ಅಕ್ಷರಕ್ರಮದಲ್ಲಿ ಪಟ್ಟಿ ಹಾಕಿ, ಪುಸ್ತಕದ ಬಾಲಕ್ಕೆ ಕಟ್ಟುವುದು. ಬರೆದವರಿಗೆ ಚಪ್ಪಾಳೆ ಸಿಕ್ಕಿತು, ನನಗೆ ದಪ್ಪ ಕನ್ನಡಕ ಸಿಕ್ಕಿತು. ಇರಲಿ. ನನ್ನಷ್ಟು ಚೊಕ್ಕವಾಗಿ ಈ ಕೆಲಸ ಮಾಡುವವರು ಆ ಕಟ್ಟಡದಲ್ಲಿ ಇನ್ನೊಬ್ಬರಿರಲಿಲ್ಲ. ಅದನ್ನು ನಾನೇ ಹೇಳಿಕೊಳ್ಳಬೇಕು, ಬೇರೆ ಯಾರೂ ಹೇಳುವುದಿಲ್ಲ.

ಆ ಚೊಕ್ಕತನವೇ ನನ್ನ ಮನೆ ಹಾಳು ಮಾಡಿತು. ಹೇಗೆಂದು ಹೇಳುತ್ತೇನೆ.

ಮುಂದಾಳು ಹುಟ್ಟಿ ನೂರು ವರ್ಷ ತುಂಬುವುದಕ್ಕೆ ಐದು ತಿಂಗಳಿತ್ತು. ಮುಂದಾಳು ಎಂದರೆ ನಮಗೆಲ್ಲ ಒಬ್ಬರೇ. ಕ್ರಾಂತಿ ಮಾಡಿದವರು, ಆಮೇಲೆ ಮೂವತ್ತೆರಡು ವರ್ಷ ನಮ್ಮನ್ನು ಆಳಿದವರು, ಸತ್ತು ಹದಿನೇಳು ವರ್ಷವಾದರೂ ಪ್ರತಿ ಕಚೇರಿಯ ಗೋಡೆಯಿಂದ ನಮ್ಮ ಮೇಜಿನ ಮೇಲೆ ಏನಿದೆ ಎಂದು ಬಗ್ಗಿ ನೋಡುತ್ತಿರುವವರು. ಅವರ ಜೀವನಚರಿತ್ರೆಗಳಿಗೆ ಲೆಕ್ಕವೇ ಇಲ್ಲ. ಈಗ ಮೇಲಿನಿಂದ ಆದೇಶ ಬಂತು: ಅವುಗಳಲ್ಲಿ ಅತ್ಯುತ್ತಮವಾದ ಒಂದನ್ನು ಆರಿಸಬೇಕು, ಅದನ್ನು ಪ್ರತಿ ಶಾಲೆಗೂ ಕೊಡಬೇಕು, ಉಳಿದವನ್ನು ಹಿಂತೆಗೆದುಕೊಳ್ಳಬೇಕು. ಹಿಂತೆಗೆದುಕೊಳ್ಳುವುದು ಎಂದರೆ ನಮ್ಮ ಕಟ್ಟಡದ ಹಿಂದಿನ ಅಂಗಳದಲ್ಲಿ, ಹಳೆಯ ಕಾಗದವನ್ನು ನೀರಿನಲ್ಲಿ ಅರೆದು ಗಂಜಿ ಮಾಡುವ ಯಂತ್ರಕ್ಕೆ ಹಾಕುವುದು. ಆದೇಶದಲ್ಲಿ ಅಷ್ಟು ಬಿಡಿಸಿ ಬರೆದಿರಲಿಲ್ಲ.

ಆರಿಸುವುದಕ್ಕೆ ಮೂವರ ಸಮಿತಿ. ಒಬ್ಬರು ನಿವೃತ್ತ ನ್ಯಾಯಾಧೀಶರು, ಕೂತಲ್ಲೇ ತೂಕಡಿಸುವುದರಲ್ಲಿ ಎತ್ತಿದ ಕೈ. ಇನ್ನೊಬ್ಬರು ಇತಿಹಾಸದ ಮೇಡಂ, ಒಳ್ಳೆಯವರು, ಆದರೆ ಮಾತಾಡುವ ಮೊದಲು ಬಾಗಿಲು ನೋಡುವವರು. ಮೂರನೆಯವರ ಕೆಲಸ ಏನೆಂದು ಯಾರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಐವತ್ತರ ಆಸುಪಾಸಿನ, ಮೃದುವಾದ ದನಿಯ ಮನುಷ್ಯ. ಸದಾ ಒಂದು ಪೆನ್ಸಿಲನ್ನು ಸಣ್ಣ ಚಾಕುವಿನಿಂದ ಚೂಪು ಮಾಡುತ್ತಿದ್ದರು, ಅದರಿಂದ ಬರೆದದ್ದನ್ನು ಮಾತ್ರ ನಾನು ನೋಡಲಿಲ್ಲ. ಎರಡನೆಯ ದಿನಕ್ಕೇ ಇಡೀ ಮುದ್ರಣಾಲಯ ಅವರನ್ನು ‘ಪೆನ್ಸಿಲ್’ ಎಂದು ಕರೆಯತೊಡಗಿತ್ತು, ಪಿಸುಮಾತಿನಲ್ಲಿ.

ನಮ್ಮ ಮೂರನೆಯ ಮಹಡಿಯಲ್ಲಿ, ಹಿಂದೆ ಅಚ್ಚುಮೊಳೆ ಇಡುತ್ತಿದ್ದ ಕೋಣೆಯನ್ನು ಅವರಿಗೆ ಬಿಟ್ಟುಕೊಟ್ಟರು. ಎಷ್ಟು ತೊಳೆದರೂ ಸೀಸದ ವಾಸನೆ ಹೋಗಿರಲಿಲ್ಲ. ತಿಂಗಳೊಳಗೆ ನಲವತ್ತು ಪುಸ್ತಕಗಳು ಮೂರಕ್ಕೆ ಇಳಿದವು. ಒಂದನೆಯದು ಪ್ರೊಫೆಸರರದು, ಒಂಬೈನೂರು ಪುಟ, ತಲೆದಿಂಬಿಗೆ ಆಗುವಷ್ಟು ದಪ್ಪ. ಎರಡನೆಯದು ಮುಂದಾಳುವಿನ ವೈದ್ಯರದು. ಮೂರನೆಯದು ಕ್ಷೌರಿಕನದು. ಭೂಗತರಾಗಿದ್ದ ದಿನಗಳಲ್ಲಿ ಮುಂದಾಳುವಿಗೆ ಗಡ್ಡ ಬೋಳಿಸುತ್ತಿದ್ದವನು ಮುಪ್ಪಿನಲ್ಲಿ ಬರೆಸಿದ ನೂರಿಪ್ಪತ್ತು ಪುಟದ ಪುಟ್ಟ ಪುಸ್ತಕ. ಅವನು ಸತ್ತು ವರ್ಷವಾಗಿತ್ತು, ಆದ್ದರಿಂದ ಅವನಿಗೆ ಗೆಲ್ಲುವ ಅವಸರವೇನೂ ಇರಲಿಲ್ಲ. ಓದುವುದಕ್ಕೆ ರುಚಿಯಾಗಿದ್ದದ್ದು ಅದೊಂದೇ.

ಪೆನ್ಸಿಲ್ ನನ್ನನ್ನು ಕರೆಸಿದರು. ಕುರ್ಚಿ ತೋರಿಸಿ ಕೂರಿಸಿದರು ಕೂಡ.

“ಮೂರು ಪುಸ್ತಕಕ್ಕೂ ಸೇರಿ ಒಂದೇ ಪದಸೂಚಿ ಬೇಕು. ಯಾರು ಯಾವ ಪುಸ್ತಕದಲ್ಲಿ ಎಲ್ಲಿ ಬರ್ತಾರೆ, ಪಕ್ಕಪಕ್ಕ ಕಾಣಬೇಕು. ಹೋಲಿಸೋಕೆ ಅನುಕೂಲ,” ಎಂದರು. “ಇದನ್ನ ಮಾಡೋಕೆ ನಿಮ್ಮನ್ನ ಬಿಟ್ರೆ ಯಾರೂ ಇಲ್ಲ ಅಂತ ಕೇಳಿದೀನಿ.”

ನನಗೆ ಎಲ್ಲಿಲ್ಲದ ಹಿಗ್ಗು. ಇಪ್ಪತ್ತಾರು ವರ್ಷದಲ್ಲಿ ಆ ಮಾತನ್ನು ಹೇಳಿದ ಮೊದಲ ಮನುಷ್ಯ ಅವರು. ಹೊಗಳಿಕೆಗೆ ಹಸಿದವರನ್ನು ಬೀಳಿಸುವುದಕ್ಕೆ ಹಳ್ಳ ತೋಡಬೇಕಾಗಿಲ್ಲ.

ಈಗ ಚಿಕ್ಕಮ್ಮನ ವಿಷಯ ಹೇಳಬೇಕು.

ನನಗೆ ನಾಲ್ಕು ವರ್ಷವಾಗಿದ್ದಾಗ ಅಮ್ಮ ತೀರಿಕೊಂಡಳು. ಅಪ್ಪ ಯಾರೆಂದು ಕೇಳುವ ಪದ್ಧತಿ ನಮ್ಮ ಮನೆಯಲ್ಲಿರಲಿಲ್ಲ. ಅಮ್ಮನ ತಂಗಿ ನನ್ನನ್ನು ಎತ್ತಿಕೊಂಡು ಬಂದು ತನ್ನ ಹೊಲಿಗೆ ಯಂತ್ರದ ಪಕ್ಕ ಕೂರಿಸಿದಳು, ಅಷ್ಟೆ. ಮದುವೆ ಗಿದುವೆ ಎಂದು ತಲೆ ಕೆಡಿಸಿಕೊಳ್ಳಲಿಲ್ಲ. ಈಗ ಎಪ್ಪತ್ತಮೂರು, ಬೆರಳುಗಳು ಸೊಟ್ಟಗಾಗಿವೆ, ಬಾಯಿ ಮಾತ್ರ ನೆಟ್ಟಗಿದೆ. ಎರಡು ಕೋಣೆಯ ನಮ್ಮ ಮನೆಯಲ್ಲಿ ಜಗಳವಿಲ್ಲದ ದಿನ ಕಡಿಮೆ. ಅವಳಿಲ್ಲದ ದಿನ ಹೇಗಿರುತ್ತದೆಂದು ನಾನು ಯೋಚಿಸಿಯೇ ಇರಲಿಲ್ಲ.

ಚಿಕ್ಕಮ್ಮ ಇಪ್ಪತ್ತೆರಡರ ಹುಡುಗಿಯಾಗಿದ್ದಾಗ ಗಿರಣಿ ಬೀದಿಯಲ್ಲಿ ದರ್ಜಿ ಅಂಗಡಿ ಇಟ್ಟಿದ್ದಳು. ಮುಂದಾಳುವಿನ ಕೋಟಿನ ಒಳಪದರದಲ್ಲಿ ನಕ್ಷೆಗಳನ್ನು ಇಟ್ಟು ಹೊಲಿದುಕೊಟ್ಟವಳು ಅವಳೇ. ಭೂಗತರ ನಡುವೆ ಅವಳ ಅಡ್ಡಹೆಸರು ‘ಸೂಜಿ’. ಇದನ್ನು ಅವಳು ಯಾರ ಮುಂದೆಯೂ ಹೇಳಿಕೊಂಡವಳಲ್ಲ, ನನಗೆ ಮಾತ್ರ ಹೇಳುತ್ತಿದ್ದಳು, ಅದೂ ತಮಾಷೆಯಾಗಿ. ಅವಳ ಕಥೆಯಲ್ಲಿ ಮುಂದಾಳು ದೇವರಲ್ಲ, ಗುಂಡಿ ಕಿತ್ತುಕೊಂಡು ಬಂದು ಬೈಸಿಕೊಳ್ಳುವ ಒಬ್ಬ ಗಂಡಸು.

ಅವಳಿಗೆ ಅತಿ ಇಷ್ಟದ ಕಥೆ ಪ್ಯಾಂಟಿನದು. ಆ ಬೀದಿಯ ಠಾಣಾಧಿಕಾರಿ ಅವಳ ಹತ್ತಿರ ಸಮವಸ್ತ್ರದ ಪ್ಯಾಂಟು ಹೊಲಿಸಿಕೊಂಡಿದ್ದ. ಹೊಟ್ಟೆ ಒಳಗೆಳೆದುಕೊಂಡು ಅಳತೆ ಕೊಟ್ಟಿದ್ದ. ಕವಾಯತಿನ ನಡುವೆ ಅದು ಹಿಂದಿನಿಂದ ಪರ್ರನೆ ಬಿಚ್ಚಿಕೊಂಡಿತು. ಇಬ್ಬರು ಪೇದೆಗಳು ಬಂದು ಚಿಕ್ಕಮ್ಮನನ್ನು ದಾರ ಸಮೇತ ಠಾಣೆಗೆ ಎಳೆದೊಯ್ದರು. “ಬಿಚ್ಚಿಕೊಡಿ ಅಂದ್ರೆ ಮರ್ಯಾದೆ ಹೋಗುತ್ತೆ ಅಂತಾನೆ. ಕೊನೆಗೆ ಮೇಜಿನ ಮೇಲೆ ಬೋರಲು ಮಲಗಿಸಿ, ಮೈಮೇಲಿದ್ದ ಹಾಗೇ ಹೊಲಿದೆ. ಒಂದು ಗಂಟೆ ಹಿಡೀತು. ಎರಡು ಸಲ ಚುಚ್ಚಿದೆ, ಬೇಕಂತಲೇ,” ಎಂದು ಹೇಳಿ ಅವಳು ಕೆಮ್ಮುವ ತನಕ ನಗುತ್ತಿದ್ದಳು.

ಮುಂದಾಳು ಸಿಕ್ಕಿಬಿದ್ದದ್ದು ಅದರ ಮಾರನೆಯ ಬೆಳಿಗ್ಗೆ, ರೈಲು ಸೇತುವೆಯ ಹತ್ತಿರ. ಹನ್ನೊಂದು ತಿಂಗಳು ಜೈಲಿನಲ್ಲಿದ್ದರು. ಯಾರೋ ಪೊಲೀಸರಿಗೆ ಹೇಳಿಕೊಟ್ಟಿದ್ದರು ಎಂದು ಇಡೀ ದೇಶಕ್ಕೆ ಗೊತ್ತು, ಯಾರೆಂದು ಗೊತ್ತಿಲ್ಲ. ಶಾಲೆಯ ಪುಸ್ತಕದಲ್ಲಿ ಆ ಪಾಠದ ಚಿತ್ರದಲ್ಲಿ ಮುಖವಿಲ್ಲದ ಒಂದು ಆಕೃತಿ ಇದೆ. ಮಕ್ಕಳು ಅದಕ್ಕೆ ಪೆನ್ನಿನಲ್ಲಿ ಕೊಂಬು ಬಿಡಿಸುತ್ತಾರೆ. ನಾನು ಚಿಕ್ಕವಳಿದ್ದಾಗ ಒಬ್ಬ ದೋಣಿಯವನೇ ಹೇಳಿಕೊಟ್ಟದ್ದು ಎಂದು ಸುದ್ದಿಯಾಯಿತು. ಅವನನ್ನು ಕರೆದುಕೊಂಡು ಹೋದರು, ಮತ್ತೆ ಯಾರೂ ಅವನನ್ನು ನೋಡಲಿಲ್ಲ. ಕೆಲವು ವರ್ಷದ ಮೇಲೆ ಅವನಲ್ಲ ಎಂದು ತಿಳಿಯಿತು. ಒಂದು ಬಸ್ ನಿಲ್ದಾಣಕ್ಕೆ ಅವನ ಹೆಸರಿಟ್ಟರು.

ಇಷ್ಟೆಲ್ಲ ಗೊತ್ತಿದ್ದೂ ನಾನು ಆ ಕೆಲಸ ಮಾಡಿದೆ. ನನ್ನ ಬುದ್ಧಿಗೆ ಏನು ಹೇಳಲಿ.

ಮೂರು ವಾರ ಮೈಯೆಲ್ಲ ಕಣ್ಣಾಗಿ ಓದಿದೆ. ಒಬ್ಬೊಬ್ಬರಿಗೂ ಒಂದೊಂದು ಚೀಟಿ. ಪ್ರೊಫೆಸರರ ಪುಸ್ತಕದ ಇನ್ನೂರ ಹನ್ನೆರಡನೆಯ ಪುಟದಲ್ಲಿ ‘ಸೂಜಿ’ ಎಂಬಾಕೆ ಕೋಟಿನಲ್ಲಿ ನಕ್ಷೆ ಹೊಲಿಯುತ್ತಾಳೆ, ಆಕೆ ಯಾರೆಂದು ತಿಳಿದುಬಂದಿಲ್ಲ ಎಂದು ಅಡಿಟಿಪ್ಪಣಿ. ವೈದ್ಯರ ಪುಸ್ತಕದಲ್ಲಿ, ಅದೇ ದಿನ, ಬಂಧನದ ಹಿಂದಿನ ಸಂಜೆ, ಕೈದಿಯೊಬ್ಬನಿಗೆ ಔಷಧ ಕೊಡಲು ಠಾಣೆಗೆ ಹೋದ ವೈದ್ಯರು ಅಲ್ಲಿ ಒಬ್ಬ ‘ದರ್ಜಿ ಹುಡುಗಿ’ಯನ್ನು ನೋಡುತ್ತಾರೆ, ಒಂದು ಗಂಟೆಯಲ್ಲಿ ಪೊಲೀಸರು ಅವಳನ್ನು ಬಿಟ್ಟುಬಿಡುತ್ತಾರೆ, ಯಾಕೆಂದು ವೈದ್ಯರಿಗೆ ತಿಳಿಯದು. ಕ್ಷೌರಿಕನ ಪುಸ್ತಕದಲ್ಲಿ ‘ಕೋಟಿನ ಹುಡುಗಿ’. ಮೂವತ್ತೆಂಟನೆಯ ಪುಟದಲ್ಲಿ ಅವನು ಬರೆಸುತ್ತಾನೆ: ಸೇತುವೆಯ ವಿಷಯ ಗೊತ್ತಿದ್ದದ್ದು ಕೋಟಿನ ಹುಡುಗಿಗೆ ಮತ್ತು ಮುಂದಾಳುವಿಗೆ, ಇಬ್ಬರಿಗೇ, ಮುಂದಾಳು ನನ್ನ ಕುರ್ಚಿಯಲ್ಲಿ ಕೂತು, ಸರದಿಗೆ ಕಾಯುತ್ತಿದ್ದ ಇಬ್ಬರು ಅಪರಿಚಿತರ ಎದುರು, ನಾಳೆ ಸೇತುವೆ ದಾಟುತ್ತೇನೆ ಎಂದು ಬಾಯಿಬಿಡುವ ತನಕ. ಸುಮ್ಮನಿರಿ ಸ್ವಾಮಿ ಎಂದು ನಾನು ಕೆನ್ನೆಯ ಮೇಲೆ ಕತ್ತಿ ಒತ್ತಿದೆ, ಕೇಳಲಿಲ್ಲ.

ಅಂದರೆ ಹೇಳಿಕೊಟ್ಟವರು ಯಾರೂ ಅಲ್ಲ, ಮುಂದಾಳುವಿನ ಸ್ವಂತ ಬಾಯಿ. ‘ಮುಂದಾಳು: ಬಾಯಿ ಹಗುರ’ ಎಂದು ಪದಸೂಚಿಯಲ್ಲಿ ಹಾಕುವ ಧೈರ್ಯ ಯಾರಿಗಿದೆ? ನಾನು ಹಾಕಲಿಲ್ಲ. ವಾಕ್ಯದ ಮೊದಲರ್ಧಕ್ಕೆ ಚೀಟಿ ಮಾಡಿದೆ, ಎರಡನೆಯ ಅರ್ಧವನ್ನು ಬಿಟ್ಟೆ. ಮೂರು ಪುಟ ಮುಂದೆ ಪ್ಯಾಂಟಿನ ಕಥೆಯೂ ಇತ್ತು, ಬೀದಿಯೆಲ್ಲ ನಕ್ಕಿತು ಎಂದು. ತಮಾಷೆಯನ್ನು ಪದಸೂಚಿಗೆ ಸೇರಿಸುವ ಪದ್ಧತಿ ನಮ್ಮಲ್ಲಿಲ್ಲ. ಅದನ್ನೂ ಬಿಟ್ಟೆ.

ಆದರೆ ಮೂರು ಅಡ್ಡಹೆಸರಿನ ಒಂದೇ ಹುಡುಗಿಯನ್ನು ಬಿಡುವುದಕ್ಕೆ ಮನಸ್ಸಾಗಲಿಲ್ಲ. ಪ್ರತಿ ವರ್ಷ ಕ್ರಾಂತಿಯ ದಿನ ಎದೆಯ ಮೇಲೆ ಪದಕ ನೇತುಹಾಕಿಕೊಂಡು ಯಾರು ಯಾರೋ ವೇದಿಕೆ ಹತ್ತುವುದನ್ನು, ಚಿಕ್ಕಮ್ಮ ಕಿಟಕಿಯ ಪಕ್ಕ ಕೂತು ಅವರ ಕೋಟಿನ ಹೊಲಿಗೆ ಸರಿಯಿಲ್ಲ ಎಂದು ಗೊಣಗುವುದನ್ನು ನೋಡಿ ನೋಡಿ ನನ್ನ ಹೊಟ್ಟೆ ಉರಿದಿತ್ತು. ಪ್ರೊಫೆಸರರಿಗೇ ತಿಳಿಯದ್ದು ನನಗೆ ತಿಳಿದಿದೆ ಎಂಬ ಕೊಬ್ಬೂ ಇತ್ತು, ಸುಳ್ಳೇಕೆ ಹೇಳಲಿ. ಮೂರು ಚೀಟಿಗಳನ್ನು ಒಂದು ಮಾಡಿದೆ. ಘಟನೆಗಳನ್ನು ನಡೆದ ಕ್ರಮದಲ್ಲಿ ಜೋಡಿಸುವುದು ನನ್ನ ನಿಯಮ, ಹಾಗೆಯೇ ಜೋಡಿಸಿದೆ. ಪಕ್ಕದಲ್ಲಿ ಚಿಕ್ಕಮ್ಮನ ಸ್ವಂತ ಹೆಸರನ್ನು, ಅವಳ ಅಪ್ಪ ಅಮ್ಮ ಇಟ್ಟ ಪೂರ್ತಿ ಹೆಸರನ್ನು, ಒಳ್ಳೆಯ ಶಾಯಿಯಲ್ಲಿ ಬರೆದೆ.

ಪಟ್ಟಿಯನ್ನೂ ಮೂರು ಪುಸ್ತಕಗಳನ್ನೂ ಸಮಿತಿಗೆ ಒಪ್ಪಿಸಿದ ದಿನ ಪೆನ್ಸಿಲ್ ಅದನ್ನು ನಿಧಾನವಾಗಿ ಓದಿದರು. ಒಂದು ಕಡೆ ಅವರ ಚಾಕು ನಿಂತಿತು.

“ಈ ಸೂಜಿ. ಮೂರೂ ಒಬ್ಬಳೇ ಅಂತ ಹೇಗೆ ಗೊತ್ತಾಯ್ತು ನಿಮಗೆ?”

“ಅವರು ನನ್ನ ಚಿಕ್ಕಮ್ಮ,” ಎಂದೆ. ಹೇಳುವಾಗ ನನ್ನ ಬೆನ್ನು ನೆಟ್ಟಗಾದದ್ದು ನೆನಪಿದೆ.

ತೂಕಡಿಸುತ್ತಿದ್ದ ನ್ಯಾಯಾಧೀಶರು ಕಣ್ಣು ಬಿಟ್ಟರು. ಮೇಡಂ ಬಾಗಿಲು ನೋಡಿದರು.

“ಇದ್ದಾರಾ ಈಗ?”

“ಗಟ್ಟಿಯಾಗಿದ್ದಾರೆ. ನನ್ನ ಜೊತೇಲೇ ಇದ್ದಾರೆ.”

“ಸಂತೋಷ,” ಎಂದರು ಪೆನ್ಸಿಲ್. “ತುಂಬ ಸಂತೋಷ. ಐವತ್ತೊಂದು ವರ್ಷದಿಂದ ಯಾರ ಕೈಲೂ ಆಗದ ಕೆಲಸ ಮಾಡಿದ್ದೀರಿ.”

ನೆಲದ ಮೇಲೆ ಕಾಲಿಡದೆ ಮನೆಗೆ ಬಂದೆ. ಚಿಕ್ಕಮ್ಮ ಬ್ರೆಡ್ಡು ಕೊಯ್ಯುತ್ತಿದ್ದಳು. ನಿನಗೆ ಸನ್ಮಾನ ಆಗುತ್ತದೆ, ನೀಲಿ ಕೋಟು ಇಸ್ತ್ರಿ ಮಾಡಿಸುತ್ತೇನೆ ಎಂದು ಒಂದೇ ಉಸಿರಿಗೆ ಹೇಳಿದೆ. ಅವಳು ಚಾಕು ಕೆಳಗಿಟ್ಟಳು.

“ಯಾರು ಕೇಳಿದ್ರು ನಿನ್ನ?”

“ಯಾರು ಕೇಳಬೇಕು? ನೀನು ಮಾಡಿದ್ದು ಪುಸ್ತಕದಲ್ಲಿ ಬರಬೇಡ್ವಾ?”

“ಬರಬೇಕಾಗಿದ್ರೆ ನನಗೆ ಬಾಯಿ ಇರ್ಲಿಲ್ವಾ? ಇಷ್ಟು ವರ್ಷ ಮುಚ್ಕೊಂಡು ಕೂತಿದ್ದು ಹಲ್ಲು ನೋವು ಅಂತಾನಾ?” ಅವಳು ನನ್ನ ಕಡೆ ನೋಡದೆ ಚೂರುಗಳನ್ನು ಒಟ್ಟುಮಾಡಿದಳು. “ಏನೇನು ಬರೆದೆ, ಹೇಳು.”

ಹೇಳಿದೆ. ಅವಳು ಚೂರುಗಳನ್ನು ಡಬ್ಬಿಗೆ ತುಂಬಿ ಮುಚ್ಚಳ ಹಾಕಿದಳು. ಆ ದಿನ ಜಗಳ ಆಗಲಿಲ್ಲ, ಅದೇ ನನಗೆ ಕಸಿವಿಸಿ.

ಮಾರನೆಯ ದಿನ ಮೆಟ್ಟಿಲ ಮೇಲೆ ಇತಿಹಾಸದ ಮೇಡಂ ಎದುರಾದರು. ಮೇಲೆ ಕೆಳಗೆ ನೋಡಿ, ನನ್ನ ಪಟ್ಟಿಯ ಒಂದು ಹಾಳೆಯನ್ನು ಕೈಗಿಟ್ಟರು.

“ನಿಮ್ಮ ಪಟ್ಟೀನ ನೀವೇ ಒಂದ್ಸಲ ಓದ್ಕೊಳ್ಳಿ. ನೀವು ಬರೆದೋರು ಅಂತ ಅಲ್ಲ, ಏನೂ ಗೊತ್ತಿಲ್ದೋರು ಹೇಗೆ ಓದ್ತಾರೋ ಹಾಗೆ,” ಎಂದು ಹೇಳಿ ಇಳಿದೇಬಿಟ್ಟರು.

ಗೋಡೆಗೆ ಒರಗಿ ಓದಿದೆ. ಪಕ್ಕದಲ್ಲಿ ಬರೆದಿದ್ದ ಸ್ವಂತ ಹೆಸರನ್ನು ಇಲ್ಲಿ ಬಿಟ್ಟಿದ್ದೇನೆ.

ಸೂಜಿ (ದರ್ಜಿ ಹುಡುಗಿ, ಕೋಟಿನ ಹುಡುಗಿ ಎಂದೂ)
ನಕ್ಷೆಯನ್ನು ಕೋಟಿನಲ್ಲಿ ಹೊಲಿದದ್ದು: ಒಂದು, 212
ಸೇತುವೆಯ ವಿಷಯ ತಿಳಿದಿದ್ದದ್ದು: ಮೂರು, 38
ಅದೇ ಸಂಜೆ ಪೊಲೀಸ್ ಠಾಣೆಯಲ್ಲಿ: ಎರಡು, 88
ಒಂದು ಗಂಟೆಯಲ್ಲಿ ಬಿಡುಗಡೆ: ಎರಡು, 89
ಮುಂದಾಳುವಿನ ಬಂಧನವನ್ನೂ ನೋಡಿ

ಒಂದು ಸಾಲೂ ಸುಳ್ಳಲ್ಲ. ಒಂದು ಪುಟಸಂಖ್ಯೆಯೂ ತಪ್ಪಲ್ಲ. ಮೂರು ಪುಸ್ತಕಗಳಲ್ಲಿ ಮೂರು ಕಡೆ ಬೇರೆಬೇರೆಯಾಗಿ ಬದುಕಿದ್ದ ಹುಡುಗಿಯನ್ನು ನಾನು ಒಂದು ಕಡೆ ತಂದು, ಸಾಲಾಗಿ ನಿಲ್ಲಿಸಿ, ಮುಖವಿಲ್ಲದ ಆ ಆಕೃತಿಗೆ ನನ್ನ ಚಿಕ್ಕಮ್ಮನ ಮುಖ ಅಂಟಿಸಿದ್ದೆ.

ನೇರ ಪೆನ್ಸಿಲ್ ಹತ್ತಿರ ಓಡಿದೆ. ಅವರು ಒಬ್ಬರೇ ಇದ್ದರು. ಮೇಜಿನ ಮೇಲೆ ಪ್ರೊಫೆಸರರ ಪುಸ್ತಕ ಮಾತ್ರ ಇತ್ತು.

“ಸರ್, ಅದು ಹಾಗಲ್ಲ,” ಎಂದು ಶುರುಮಾಡಿ ಪ್ಯಾಂಟಿನ ಕಥೆಯನ್ನು ಪೂರ್ತಿ ಹೇಳಿದೆ. ಕವಾಯತು, ಮೇಜು, ಬೋರಲು ಮಲಗಿದ್ದು, ಎರಡು ಸಲ ಚುಚ್ಚಿದ್ದು. ಮನೆಯಲ್ಲಿ ಅಷ್ಟು ನಗಿಸುವ ಕಥೆ ಆ ಕೋಣೆಯಲ್ಲಿ ಹೇಳುತ್ತಾ ಹೇಳುತ್ತಾ ಯಾರೋ ಆಗತಾನೇ ಹೊಸೆದ ಸುಳ್ಳಿನಂತೆ ಕೇಳಿಸಿತು. ನನಗೇ ಹಾಗೆ ಕೇಳಿಸಿತು.

ಅವರು ತಾಳ್ಮೆಯಿಂದ ಕೇಳಿದರು. “ನೋಡಿ, ಎರಡು ಸಾಧ್ಯತೆ ಇದೆ. ನಿಮ್ಮ ಚಿಕ್ಕಮ್ಮ ತಪ್ಪು ಮಾಡಿದ್ರು, ನಿಮಗೆ ಗೊತ್ತಿರ್ಲಿಲ್ಲ, ನೀವು ಪ್ರಾಮಾಣಿಕವಾಗಿ ಪಟ್ಟಿ ಮಾಡಿದ್ರಿ, ಸತ್ಯ ಹೊರಗೆ ಬಂತು. ಇದೊಂದು. ಇಲ್ಲ, ನಿಮಗೆ ಚಿಕ್ಕಂದಿನಿಂದ ಎಲ್ಲ ಗೊತ್ತಿತ್ತು, ಮುಂದಾಳುವಿನ ಮೇಲೆ ಬಂದ ಪ್ರತಿ ಪುಸ್ತಕವೂ ಗೊತ್ತಿದ್ದು ಮುಚ್ಚಿಟ್ಟೋರ ಕೈಯಿಂದಲೇ ಹಾದುಹೋಯ್ತು. ಇದಿನ್ನೊಂದು. ಇವೆರಡರಲ್ಲಿ ಯಾವುದು ಅಂತ ಸಮಿತಿ ಇನ್ನೂ ತೀರ್ಮಾನ ಮಾಡಿಲ್ಲ.”

“ಮೂರನೇದೂ ಇದೆ ಸರ್. ಅವರು ತಪ್ಪೇ ಮಾಡಿಲ್ಲ.”

“ಅದಕ್ಕೆ ಪುಟಸಂಖ್ಯೆ ಕೊಡಿ,” ಎಂದರು.

ಕ್ಷೌರಿಕನ ಪುಸ್ತಕ, ನಲವತ್ತೊಂದು ಎಂದೆ. ಅದು ಈಗ ಸಮಿತಿಯ ಮುಂದಿಲ್ಲ ಎಂದರು. ಆ ಬೆಳಿಗ್ಗೆಯೇ ಅತ್ಯುತ್ತಮ ಜೀವನಚರಿತ್ರೆ ಯಾವುದೆಂದು ತೀರ್ಮಾನವಾಗಿತ್ತು. ಪ್ರೊಫೆಸರರ ಪುಸ್ತಕ ಎಲ್ಲ ರೀತಿಯಿಂದಲೂ ಪೂರ್ಣ, ಒಂದೇ ಒಂದು ಕೊರತೆ, ಹೇಳಿಕೊಟ್ಟವರು ಯಾರೆಂಬ ಅಧ್ಯಾಯ ಅದರಲ್ಲಿಲ್ಲ. ಆ ಕೊರತೆ ತುಂಬಿದರೆ ಆಯಿತು. ಉಳಿದ ಪುಸ್ತಕಗಳು ಹಿಂದಿನ ಅಂಗಳಕ್ಕೆ ಬರುತ್ತಿವೆ, ನಾಳೆ ಹತ್ತು ಗಂಟೆಗೆ ಯಂತ್ರ ಶುರು.

“ಒಬ್ಬ ಮನುಷ್ಯನಿಗೆ ಒಂದು ಜೀವನ, ಒಂದು ಪುಸ್ತಕ. ಗೊಂದಲ ಇರಲ್ಲ,” ಎಂದು ಅವರು ಪೆನ್ಸಿಲಿನ ಸಿಬಿರುಗಳನ್ನು ಅಂಗೈಗೆ ಗುಡಿಸಿ ಬುಟ್ಟಿಗೆ ಹಾಕಿದರು. “ನಾಳೆ ಹನ್ನೊಂದಕ್ಕೆ ಬನ್ನಿ. ಆಗ ಮಾತಾಡೋಣ.”

ಮನೆಗೆ ಹೋಗಿ ಚಿಕ್ಕಮ್ಮನಿಗೆ ಎಲ್ಲ ಹೇಳಿದೆ. ಅಳುತ್ತ ಹೇಳಿದೆ. ಅವಳ ಕಾಲು ಹಿಡಿದುಕೊಂಡಿದ್ದೆ. ಅವಳು ಬೈಯುತ್ತಾಳೆಂದು ಕಾದೆ, ಬೈದಿದ್ದರೆ ಹಗುರಾಗುತ್ತಿತ್ತು. ಅವಳು ಅಳತೆ ತೆಗೆದುಕೊಳ್ಳುವವಳ ಹಾಗೆ ಒಂದೊಂದೇ ಪ್ರಶ್ನೆ ಕೇಳಿದಳು.

“ಆತ ಎರಡು ಅಂತ ಹೇಳಿದ್ನಲ್ಲ. ಮೊದಲನೇದಾದ್ರೆ ನಿನಗೇನೂ ಆಗಲ್ವಾ?”

“ಆಗಲ್ಲ ಅಂತ ಕಾಣುತ್ತೆ. ಆದ್ರೆ ನಾನದಕ್ಕೆ ಬಿಡಲ್ಲ. ಕ್ಷೌರಿಕನ ಪುಸ್ತಕ ತರ್ತೀನಿ ನಾಳೆ. ಅದರಲ್ಲಿ ಅಚ್ಚಾಗಿದೆ, ಚಿಕ್ಕಮ್ಮ. ಕಪ್ಪು ಅಕ್ಷರದಲ್ಲಿ.”

“ಎರಡನೇದಾದ್ರೆ?”

ನಾನು ಅವಳ ಮಂಡಿಗೆ ಮುಖ ಒತ್ತಿದೆ.

“ಹೂಂ,” ಎಂದು ಅವಳು ತಟ್ಟೆ ಹತ್ತಿರ ಎಳೆದುಕೊಂಡಳು. “ಮೊದ್ಲು ಊಟ ಮಾಡು. ಖಾಲಿ ಹೊಟ್ಟೇಲಿ ಅತ್ರೆ ತಲೆ ನೋಯುತ್ತೆ, ಆಮೇಲೆ ನನ್ನ ಪ್ರಾಣ ತಿಂತೀಯ.”

ಬೆಳಿಗ್ಗೆ ಏಳಕ್ಕೇ ಹೊರಟೆ. ಚಪ್ಪಲಿ ಮೆಟ್ಟುವಾಗ ಅವಳು ಹಾಸಿಗೆಯಿಂದಲೇ ಕೇಳಿದಳು, “ಆ ಪೆನ್ಸಿಲ್ ಕೂತ್ಕೊಳ್ಳೋದು ಯಾವ ಮಹಡಿ?”

“ಮೂರನೇದು.”

“ಅಷ್ಟು ಮೆಟ್ಟಿಲು ಹತ್ತಿ ಹತ್ತಿ ನಿನ್ನ ಮಂಡಿಗೇನಾಗಬೇಕು,” ಎಂದಳು. ನಾನು ಅದನ್ನು ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ.

ಹಿಂದಿನ ಅಂಗಳದಲ್ಲಿ ಪುಸ್ತಕಗಳು ಹೆಗಲೆತ್ತರ ಬಿದ್ದಿದ್ದವು. ರಟ್ಟು ಹರಿದು ಬೇರೆ ರಾಶಿ, ಹಾಳೆ ಬೇರೆ ರಾಶಿ. ಯಂತ್ರ ನೋಡಿಕೊಳ್ಳುವವನು ಹಳೆಯ ಪರಿಚಯ. ಏನು ಬೇಕು ಅಕ್ಕಾ ಎಂದ. ನಾನೇ ಮಾಡಿದ ಪದಸೂಚಿಯೊಂದರಲ್ಲಿ ಅನುಮಾನ ಬಂದಿದೆ, ನೋಡಬೇಕು ಎಂದೆ. ಹತ್ತರವರೆಗೆ ಹುಡುಕಿಕೋ, ಆಮೇಲೆ ನನ್ನ ಕೈಲಿಲ್ಲ ಎಂದ. ಅಂಗೈ ಕೊಯ್ದುಕೊಂಡು, ಮಂಡಿಯೂರಿ, ವೈದ್ಯರ ಪುಸ್ತಕದ ನೂರಾರು ಪ್ರತಿಗಳನ್ನು ಬದಿಗೆ ತಳ್ಳಿ ತಳ್ಳಿ ಹುಡುಕಿದೆ. ಯಂತ್ರಕ್ಕೆ ನೀರು ಬಿಡುವ ಸದ್ದು ಶುರುವಾದಾಗ ಕ್ಷೌರಿಕನ ಪುಸ್ತಕ ಸಿಕ್ಕಿತು. ರಟ್ಟಿರಲಿಲ್ಲ. ಮೂವತ್ತೆಂಟನೆಯ ಪುಟ ಇತ್ತು. ನಲವತ್ತೊಂದೂ ಇತ್ತು. ಹಾಳೆಗಳನ್ನು ಎದೆಗೆ ಒತ್ತಿಕೊಂಡೆ. ಐವತ್ತು ವರ್ಷದ ಹೆಂಗಸು, ಕಸದ ರಾಶಿಯ ಮೇಲೆ ಕೂತು ನಕ್ಕೆ. ಆಮೇಲೆ ಅವನ್ನು ಚೀಲಕ್ಕೆ ಹಾಕಿಕೊಂಡು, ಮೂರು ಮಹಡಿಯನ್ನು ಒಂದೇ ಉಸಿರಿಗೆ ಹತ್ತಿದೆ.

ಬಾಗಿಲು ತೆಗೆದಾಗ ಚಿಕ್ಕಮ್ಮ ಅಲ್ಲಿ ಕೂತಿದ್ದಳು.

ನೀಲಿ ಕೋಟು ಹಾಕಿಕೊಂಡಿದ್ದಳು. ಕೈಯಲ್ಲಿ ಚಹಾದ ಲೋಟ. ಎದುರಿಗೆ ಮೂವರೂ ಇದ್ದರು, ಮೂಲೆಯಲ್ಲಿ ಬೆರಳಚ್ಚಿನವಳು ಯಂತ್ರದಿಂದ ಹಾಳೆ ಎಳೆಯುತ್ತಿದ್ದಳು. ಮೇಡಂ ತಲೆ ತಗ್ಗಿಸಿದ್ದರು. ನ್ಯಾಯಾಧೀಶರು ಎಚ್ಚರವಾಗಿದ್ದರು.

“ಬನ್ನಿ, ಸರಿಯಾದ ಹೊತ್ತಿಗೆ ಬಂದ್ರಿ,” ಎಂದರು ಪೆನ್ಸಿಲ್. “ನಿಮ್ಮ ಚಿಕ್ಕಮ್ಮ ತಾವಾಗೇ ಬಂದು ಎಲ್ಲ ಹೇಳಿದ್ದಾರೆ. ನಮ್ಮ ಕೆಲಸ ಸುಲಭ ಆಯ್ತು.”

“ಏನು ಹೇಳಿದ್ದಾರೆ?” ಎಂದೆ. ನನ್ನ ಕೈ ಚೀಲದೊಳಗೆ ಹೋಗಿತ್ತು, ಹಾಳೆಗಳ ಮೇಲಿತ್ತು.

ಚಿಕ್ಕಮ್ಮ ನನ್ನ ಕಡೆ ತಿರುಗಲಿಲ್ಲ. “ಇವಳಿಗೇನೂ ಗೊತ್ತಿಲ್ಲ ಸಾರ್,” ಎಂದಳು ಪೆನ್ಸಿಲ್‌ಗೆ. “ಪ್ಯಾಂಟು ಗೀಂಟು ಅಂತ ಏನೋ ಒಂದು ಕಥೆ ಕಟ್ಟಿ ಹೇಳಿದ್ದೆ, ಅದನ್ನೇ ನಂಬ್ಕೊಂಡು ಬೆಳೆದ್ಲು. ಪುಸ್ತಕ ಓದೋರು ಬೇಗ ನಂಬ್ತಾರೆ.”

ಪೆನ್ಸಿಲ್ ಬೆರಳಚ್ಚಿನವಳ ಕೈಯಿಂದ ಎರಡು ಹಾಳೆ ತೆಗೆದುಕೊಂಡು ನನ್ನ ಮುಂದೆ ಇಟ್ಟರು. “ಇದು ಪುಸ್ತಕದ ಕೊನೇ ಅಧ್ಯಾಯವಾಗಿ ಹೋಗುತ್ತೆ. ಇಪ್ಪತ್ತಾರು ವರ್ಷ ತಪ್ಪು ಹುಡುಕಿದೋರು ನೀವು. ಅಚ್ಚಿಗೆ ಕಳಿಸೋ ಮುಂಚೆ ಒಂದು ಸಲ ಓದಿ. ತಪ್ಪಿದ್ರೆ ಹೇಳಿ.”

ನಿಂತೇ ಓದಿದೆ. ಅಂದು ಸಂಜೆ ಠಾಣೆಗೆ ತಾನೇ ನಡೆದುಕೊಂಡು ಹೋದಳಂತೆ. ಸೇತುವೆಯ ವಿಷಯ, ಹೊತ್ತು, ಕೋಟಿನ ಬಣ್ಣ ಎಲ್ಲ ಹೇಳಿದಳಂತೆ. ಹೆದರಿಕೆಯಿಂದ ಹೇಳಿದಳಂತೆ. ಹೊಲಿಗೆಯಷ್ಟೇ ನಯವಾಗಿ ಹೊಂದಿಸಿದ್ದಳು, ಎಲ್ಲೂ ದಾರ ಕಾಣುತ್ತಿರಲಿಲ್ಲ. ಎರಡನೆಯ ಹಾಳೆಯ ಕೊನೆಯಲ್ಲಿ ಹೀಗಿತ್ತು: ‘ಅಕ್ಕನ ಮಗಳನ್ನು ಸಾಕಿದ್ದು ಊರಿನವರಿಗೆ ನನ್ನ ಮೇಲೆ ಅನುಮಾನ ಬರದಿರಲಿ ಎಂದು. ಆ ಹುಡುಗಿಯ ಮೇಲೆ ನನಗೆ ಪ್ರೀತಿಯೇನೂ ಇರಲಿಲ್ಲ. ಅವಳನ್ನು ನಾನು ಯಾವತ್ತೂ ನಂಬಲಿಲ್ಲ, ಅವಳಿಗೆ ಏನನ್ನೂ ಹೇಳಲಿಲ್ಲ.’

ತಲೆ ಎತ್ತಿದೆ. ಈಗ ಚಿಕ್ಕಮ್ಮ ನನ್ನನ್ನು ನೋಡುತ್ತಿದ್ದಳು. ನಾಲ್ಕು ವರ್ಷದವಳಾಗಿದ್ದಾಗ ಹೊಲಿಗೆ ಯಂತ್ರದ ಚಕ್ರಕ್ಕೆ ಬೆರಳು ಹಾಕಲು ಹೋದರೆ ನೋಡುತ್ತಿದ್ದಳಲ್ಲ, ಹಾಗೆ. ಕೈ ತೆಗೆ ಎಂದು ಬಾಯಿಬಿಟ್ಟು ಹೇಳುವ ಮೊದಲಿನ ನೋಟ.

ಚೀಲದೊಳಗೆ ನನ್ನ ಬೆರಳುಗಳು ಹಾಳೆಗಳನ್ನು ಬಿಟ್ಟವು.

“ಏನು, ಎಲ್ಲಾದರೂ ತಪ್ಪಿದೆಯಾ?” ಎಂದು ಪೆನ್ಸಿಲ್ ಕೇಳಿದರು.

“ಇಲ್ಲ,” ಎಂದೆ. “ಎಲ್ಲ ಸರಿಯಾಗಿದೆ.”